ಎರಡು ಕುಡಿಕೆ ಹಾಲು

ಆ ದಿನಗಳಲ್ಲಿ ನಮ್ಮ ಮನೆಯ ಮೊಸರು ಎಷ್ಟು ಗಟ್ಟಿಯಾಗಿರುತ್ತಿತ್ತೆಂದರೆ ಮಡಕೆಯನ್ನು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗಲೆಲ್ಲ ಒಳಗೊಂದು ಅನುಮಾನ ಕುಟುಕುತ್ತದೆ. ಯಾವತ್ತಾದರೂ ನಾನು ಬೋರಲು ಹಾಕಿ ನೋಡಿದ್ದೆನೇ? ಇಲ್ಲ. ಅಜ್ಜಿ ಬದುಕಿರುವವರೆಗೆ ಮೊಸರಿನ ಮಡಕೆಯನ್ನು ಬೋರಲು ಹಾಕಿ ಪರೀಕ್ಷೆ ಮಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದು ಯಾರೋ ಹೇಳಿದ್ದು, ನಾನು ಕೇಳಿದ್ದು, ಕೇಳಿ ಕೇಳಿ ಕಂಡದ್ದೆಂದೇ ಅಂದುಕೊಂಡದ್ದು. ನಿಮ್ಮ ಮನೆಗಳಲ್ಲೂ ಇಂಥ ಮೊಸರು ಇದ್ದಿರಬಹುದು. ಬಾಲ್ಯದ ಊಟದ ವಿಷಯ ಬಂದರೆ ನಾವೆಲ್ಲ ಸುಲಭವಾಗಿ ಸುಳ್ಳು ಹೇಳುತ್ತೇವೆ, ಅದೂ ಪ್ರಾಮಾಣಿಕವಾಗಿ.

ಆದ್ದರಿಂದ ಖಚಿತವಾಗಿ ಗೊತ್ತಿರುವುದರಿಂದ ಶುರುಮಾಡುತ್ತೇನೆ. ನಮ್ಮ ಊರು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಕ್ಕೆ ಇತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮನೆಯಲ್ಲಿ ಹಸುಗಳೂ ಎಮ್ಮೆಗಳೂ ಇದ್ದವು. ಹೊಲದ ಯಜಮಾನಿಕೆ ಅಪ್ಪನದು, ಹಾಲಿನದು ಅಜ್ಜಿಯದು. ಅಡುಗೆಮನೆಯ ಒಂದು ಮೂಲೆಯಲ್ಲಿ, ಒಲೆಯಿಂದ ದೂರಕ್ಕೆ, ಬೆರಣಿ ಹಾಕಿ ಹಾಲು ಕಾಯಿಸುವ ಸಣ್ಣ ಗುಂಡಿಯಿತ್ತು. ಆ ಮೂಲೆಯಲ್ಲಿ ಅಪ್ಪನ ಮಾತೂ ನಡೆಯುತ್ತಿರಲಿಲ್ಲ.

ಬೆಳಗ್ಗೆ ಕರೆದ ಹಾಲನ್ನು ಮಡಕೆಗೆ ಹಾಕಿ ಬೆರಣಿಯ ಕೆಂಡದ ಮೇಲಿಟ್ಟರೆ ಮಧ್ಯಾಹ್ನದವರೆಗೂ ಅದು ಉಕ್ಕುತ್ತಿರಲಿಲ್ಲ, ಆರುತ್ತಲೂ ಇರಲಿಲ್ಲ, ಒಳಗೊಳಗೇ ಕಾಯುತ್ತಿತ್ತು. ಕೆನೆ ಮೊದಲು ಹಳದಿಯಾಗಿ ಆಮೇಲೆ ಹೊಸ ಹೆಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಬೆರಣಿಯ ಹೊಗೆ, ಸುಟ್ಟ ಹಾಲು, ಒದ್ದೆ ಮಣ್ಣು, ಈ ಮೂರೂ ಕೂಡಿದ ಒಂದು ವಾಸನೆ ಆ ಮೂಲೆಯ ಗೋಡೆಗೇ ಅಂಟಿಕೊಂಡಿತ್ತು. ಹಾಲು ಇಳಿಸಿದ ಮೇಲೆ ಅಜ್ಜಿ ಕಿರುಬೆರಳು ಅದ್ದಿ ನೋಡುತ್ತಿದ್ದಳು. "ಬೆರಳು ಚುರ್ ಅನ್ನಬಾರ್ದು ಕಣ್ಲಾ. ಬೆಚ್ಚಗೈತೆ ಅಂತ ಸುಮ್ಕೆ ಇರ್ಬೇಕು" ಎನ್ನುತ್ತಿದ್ದಳು. ಆ ಹಾಲನ್ನು ಮೊಸರಿನ ಮಡಕೆಗೆ ಬಗ್ಗಿಸಿ, ಹಿಂದಿನ ದಿನದ ಮೊಸರಿನಲ್ಲಿ ತೋರುಬೆರಳು ಅದ್ದಿ, ಅದೇ ಬೆರಳನ್ನು ಹಾಲಿಗಿಳಿಸಿ ಒಂದು ಸುತ್ತು ತಿರುಗಿಸಿದರೆ ಹೆಪ್ಪು ಹಾಕಿದಂತೆ. ಚಮಚ ಇಲ್ಲ, ಅಳತೆ ಇಲ್ಲ. ಬೆರಳಿಗೆ ಎಷ್ಟು ಅಂಟಿತೋ ಅಷ್ಟೇ ಅಳತೆ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ನೆಲುವಿನಲ್ಲಿ ತೂಗಿಬಿಟ್ಟರೆ ಬೆಳಗಿನ ಹೊತ್ತಿಗೆ ಮೊಸರು.

ಬೆಳಗ್ಗೆ ನಮ್ಮನ್ನು ಎಬ್ಬಿಸುತ್ತಿದ್ದದ್ದು ಕಡೆಗೋಲಿನ ಸದ್ದು. ಬೆಣ್ಣೆ ತೆಗೆದ ಮೇಲೆ ಮಜ್ಜಿಗೆಗೆ ಊರ ಹೆಂಗಸರು ಚೊಂಬು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅವರಲ್ಲಿ ಅರ್ಧ ಜನ ತೆಲುಗಿನಲ್ಲಿ ಚಲ್ಲ ಎಂದು ಕೇಳುತ್ತಿದ್ದರು, ಅರ್ಧ ಜನ ಮಜ್ಜಿಗೆ ಎನ್ನುತ್ತಿದ್ದರು. ಹೆಪ್ಪಿಗೆ ಬಂದವರೂ ಇರುತ್ತಿದ್ದರು. ಊರಿನಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪು ನಮ್ಮ ಮನೆಯಿಂದಲೇ ಹೋಗಬೇಕು. ಬೆಣ್ಣೆ ಕೂಡಿದ ಮೇಲೆ ತುಪ್ಪ ಕಾಸುವ ದಿನ ನಾನು ಶಾಲೆಯಿಂದ ಓಡಿಬರುತ್ತಿದ್ದೆ. ತುಪ್ಪಕ್ಕೆ ಅಜ್ಜಿ ಒಂದು ಹಿಡಿ ನುಗ್ಗೆ ಸೊಪ್ಪು ಹಾಕುತ್ತಿದ್ದಳು. ಅದು ಗರಗರ ಎಂದು ಕಾಗದದಂತಾಗುತ್ತಿತ್ತು. ತಳದಲ್ಲಿ ಉಳಿದ ಕಂದು ಗಸಿಗೆ ಬಿಸಿ ಮುದ್ದೆ ಹಾಕಿ ಕಲಸಿ ಕೊಡುತ್ತಿದ್ದಳು. ಇದರ ರುಚಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಹೇಳಿದರೆ ಮತ್ತೆ ಬೋರಲು ಮಡಕೆಯ ಕತೆಯೇ ಆಗುತ್ತದೆ.

ಆ ತುಪ್ಪದಿಂದಲೇ ನಮ್ಮ ಮನೆಗೆ ಚಿಕ್ಕಮ್ಮ ಬಂದದ್ದು. ಚಿಕ್ಕಪ್ಪ ತುಪ್ಪದ ಡಬ್ಬಿ ಹೊತ್ತು ಬಂಗಾರಪೇಟೆಯಲ್ಲಿ ರೈಲು ಹತ್ತಿ ಚಿನ್ನದ ಗಣಿಯ ಕಡೆ ಹೋಗುತ್ತಿದ್ದ. ಅಲ್ಲಿಯ ಚಾಂಪಿಯನ್ ರೀಫ್ಸಿನ ಸಾಲು ಮನೆಗಳಲ್ಲಿ ಅವನಿಗೆ ಗೊತ್ತಾದ ಮನೆಗಳಿದ್ದವು. ಅವುಗಳಲ್ಲಿ ಒಂದು, ಗಣಿಯಲ್ಲಿ ಮರಗೆಲಸ ಮಾಡುತ್ತಿದ್ದ ನಮ್ಮವರದೇ ಮನೆ. ಅವರ ಮಗಳು ರತ್ನಮ್ಮ. ಒಂದು ವರ್ಷ ಕಾಲ ಆ ಮನೆಗೆ ತುಪ್ಪ ಯಾಕೆ ಅಷ್ಟು ಖರ್ಚಾಗುತ್ತಿದೆ ಎಂದು ಅಮ್ಮ ನಗುತ್ತಿದ್ದಳಂತೆ. ಮದುವೆಯಾಯಿತು. ಆದರೆ ಎಲ್ಲರಿಗೂ ಸಮಾಧಾನವಾಗಲಿಲ್ಲ. ಅಕ್ಕನ ಮಗಳನ್ನು ತಮ್ಮ ತಂದುಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಅಪ್ಪನ ಅಕ್ಕ ಯಲ್ಲಮ್ಮತ್ತೆ ಅದೇ ಊರಿನಲ್ಲಿ, ಎರಡು ಬೀದಿ ಆಚೆ ಇದ್ದಳು. ಅವಳ ಮಗಳು ಗೌರಿ ಚಿಕ್ಕಪ್ಪನಿಗೇ ಎಂದು ಹುಟ್ಟಿದಾಗಿನಿಂದ ಮಾತಾಗಿತ್ತು. ಆ ಮಾತು ಮುರಿದದ್ದನ್ನು ಯಲ್ಲಮ್ಮತ್ತೆ ಬಾಯಲ್ಲಿ ಆಡಿ ತೋರಿಸಲಿಲ್ಲ. ದಿನಾ ಬಂದು ಹೊಸ ಸೊಸೆಯ ಕೆಲಸ ನೋಡಿಕೊಂಡು ಹೋಗುತ್ತಿದ್ದಳು, ಅಷ್ಟೇ.

ಚಿಕ್ಕಮ್ಮನ ಮಾತಿನಲ್ಲಿ ತಮಿಳು ಸೇರಿತ್ತು. ನನ್ನನ್ನು ಕಣ್ಣು ಎಂದು ಕರೆಯುತ್ತಿದ್ದಳು. ಅಜ್ಜಿ ಏನು ಹೇಳಿದರೂ "ಆಮಾ ಅತ್ತೆ" ಎನ್ನುತ್ತಿದ್ದಳು.

"ಊಂ ಅನ್ನು, ಇಲ್ಲಾ ಔನು ಅನ್ನು" ಎಂದು ಅಜ್ಜಿ ರೇಗಿಸುತ್ತಿದ್ದಳು. "ನೀನು ಆಮಾ ಅಂದಾಗ್ಲೆಲ್ಲ ನಮ್ಮ ಎಮ್ಮೆ ತಿರುಗಿ ನೋಡ್ತದೆ."

"ಆಮಾ ಅತ್ತೆ" ಎಂದು ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅವಳು ತವರಿನಿಂದ ಸೀರೆ ಪಾತ್ರೆಗಳ ಜೊತೆ ಒಂದು ಗಂಟು ಬಿಳಿ ಮಣ್ಣು ತಂದಿದ್ದಳು. ಗಣಿಯ ಕಲ್ಲನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದದ್ದನ್ನು ಹೊರಗೆ ಸುರಿದು ಸುರಿದು ಅಲ್ಲಿ ಗುಡ್ಡಗಳೇ ಎದ್ದಿದ್ದವು. ಸೈನೈಡ್ ದಿಬ್ಬ ಎನ್ನುತ್ತಿದ್ದರು. ರಾಗಿ ಹಿಟ್ಟಿಗಿಂತ ನುಣುಪಾದ ಮಣ್ಣು ಅದು. ಗಾಳಿ ಬಂದರೆ ಮನೆಗಳ ಮೇಲೆ, ಒಗೆದ ಬಟ್ಟೆಯ ಮೇಲೆ, ಅನ್ನದ ಮೇಲೆ ಕೂರುತ್ತಿತ್ತಂತೆ. ಅಲ್ಲಿಯ ಹೆಂಗಸರು ದಿನವೆಲ್ಲ ಆ ಧೂಳಿನ ಜೊತೆ ಜಗಳಾಡುತ್ತಿದ್ದರು. ಪಾತ್ರೆ ಬೆಳಗುವುದಕ್ಕೂ ಅದನ್ನೇ ತರುತ್ತಿದ್ದರು. ಆ ಸಾಲು ಮನೆಗಳಲ್ಲಿ ಹೆಣ್ಣಿನ ಮರ್ಯಾದೆಯೆಂದರೆ ಹೊಳೆಯುವ ಪಾತ್ರೆ.

"ಅಕ್ಕಾ, ಒಂದು ಚಿಟಿಕೆ ಹಾಕಿ ಉಜ್ಜಿ ನೋಡಿ, ಮುಖ ಕಾಣ್ತದೆ" ಎಂದು ಚಿಕ್ಕಮ್ಮ ಅಮ್ಮನಿಗೆ ಕೊಟ್ಟಳು. ಅಮ್ಮ ದೀಪದ ಕಂಬ ಬೆಳಗಿದಳು. ನಿಜವಾಗಿಯೂ ಮುಖ ಕಂಡಿತು. ನಾನು ಹಿತ್ತಾಳೆ ಚೊಂಬಿನಲ್ಲಿ ನನ್ನ ಮೂಗನ್ನು ದೊಡ್ಡದಾಗಿಯೂ ಸಣ್ಣದಾಗಿಯೂ ಮಾಡಿ ನೋಡಿಕೊಂಡೆ. ಅಜ್ಜಿ ಆ ಮಣ್ಣನ್ನು ಬೆರಳ ನಡುವೆ ಉಜ್ಜಿ, "ಚಿನ್ನ ಎಲ್ಲಾ ತಕ್ಕೊಂಡು ಮಣ್ಣು ನಮಗೆ ಬಿಟ್ಟವ್ರೆ ದೊರೆಗಳು. ಮಣ್ಣೇನೋ ಚೆನ್ನಾಗೈತೆ" ಎಂದಳು.

ಸಂಕ್ರಾಂತಿ ಬಂತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ, ದನಗಳಿಗೆ ಮೈತೊಳೆದು ಕಿಚ್ಚು ಹಾಯಿಸುವ ದಿನ, ಅವಳ ಕೈಯಲ್ಲಿ ಹೆಪ್ಪು ಹಾಕಿಸಬೇಕು. ಅಲ್ಲಿಂದ ಮುಂದೆ ಅವಳಿಗೆ ಹಾಲಿನ ಮೂಲೆಗೆ ಪ್ರವೇಶ. ಅದಕ್ಕೊಂದು ಹಳೆಯ ಮಡಕೆ ಇತ್ತು, ಅಜ್ಜಿಗೆ ಅವಳ ಅತ್ತೆ ಕೊಟ್ಟದ್ದು. ಹಿಂದಿನ ದಿನ ಅಜ್ಜಿ ಅದನ್ನು ಅಟ್ಟದಿಂದ ಇಳಿಸಿ, "ತೊಳ್ದಿಡೇ ರತ್ನಿ" ಎಂದು ಚಿಕ್ಕಮ್ಮನ ಕೈಗೆ ಕೊಟ್ಟಳು. ಚಿಕ್ಕಮ್ಮ ಅದನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಊರ ದನಗಳೆಲ್ಲ ಬೆಂಕಿ ಹಾರಿದವು. ಅವರೆಕಾಯಿಯ ಸೊಗಡು ಬೀದಿಯಲ್ಲೆಲ್ಲ ತುಂಬಿತ್ತು. ಚಿಕ್ಕಮ್ಮ ಹೊಸ ಸೀರೆ ಉಟ್ಟು ಹೆಪ್ಪು ಹಾಕಿದಳು. ಬೆಳಗ್ಗೆ ಬಟ್ಟೆ ಬಿಚ್ಚಿದರೆ ಮೊಸರಾಗಿರಲಿಲ್ಲ. ಹಾಲೂ ಅಲ್ಲದ ಮೊಸರೂ ಅಲ್ಲದ ಲೋಳೆಯಂಥದ್ದು ಬೆರಳಿಗೆ ಎಳೆ ಎಳೆಯಾಗಿ ಬಂತು. ಅದನ್ನು ಎಮ್ಮೆಯ ಕಲಗಚ್ಚಿಗೆ ಸುರಿದರು.

"ಚಳಿ" ಎಂದ ಚಿಕ್ಕಪ್ಪ.

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನವೂ. ಅದೇ ಹಾಲಿಗೆ ಅಮ್ಮ ಬೇರೆ ಮಡಕೆಯಲ್ಲಿ ಹೆಪ್ಪು ಹಾಕಿದರೆ ಕಲ್ಲಿನಂಥ ಮೊಸರು.

"ಚಳಿ ಕಣಕ್ಕ" ಎಂದು ಚಿಕ್ಕಪ್ಪ ಮತ್ತೆ ಹೇಳಿದ. ಯಲ್ಲಮ್ಮತ್ತೆ ಹೊಸ್ತಿಲ ಮೇಲೆ ಕೂತಿದ್ದಳು. "ಚಳಿ ನಿಮ್ಮಣ್ಣನ ಎಂಡ್ತಿ ಮಡಕೆಗೆ ಆಗಲ್ವಾ? ರತ್ನಿ ಮಡಕೆ ಒಂದಕ್ಕೇ ಚಳೀನಾ? ಕೈ ಕಣೋ, ಕೈ. ಆ ಧೂಳಿನೂರಿನ ಕೈಗೆ ಆಲು ಒಗ್ಗಲ್ಲ" ಎಂದಳು.

ಮಾತು ಬಾಗಿಲು ದಾಟಿತು. ಮಜ್ಜಿಗೆಗೆ ಬಂದವರು ಚೊಂಬು ನೀಡುವ ಮೊದಲು "ಇವತ್ತಿಂದು ಯಾರ್ ಎಪ್ಪು ಆಕಿದ್ದು?" ಎಂದು ಕೇಳತೊಡಗಿದರು. ಅಮ್ಮ ಎಂದರೆ ಮಾತ್ರ ಚೊಂಬು ಮುಂದೆ ಬರುತ್ತಿತ್ತು. ಹಾಲು ಕೆಡಿಸುವ ಕೈ ಕರುವಿನ ಮೈ ಮುಟ್ಟಿದರೆ ಕರುವಿಗೂ ಆಗದು ಎಂದು ಯಾರೋ ಸೇರಿಸಿದರು. ಚಿಕ್ಕಮ್ಮ ಕೊಟ್ಟಿಗೆಗೆ ಹೋಗುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ನಾನೂ ಚಿಕ್ಕಮ್ಮನೂ ಒಳಗೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ನನ್ನವು ಗೋಡೆಗೆ ಹೋಗುತ್ತಿದ್ದವು, ಅವಳವು ಬಟ್ಟಲಿಗೆ. ಜಗಲಿಯಲ್ಲಿ ಯಲ್ಲಮ್ಮತ್ತೆ ಅಜ್ಜಿಗೆ ಹೇಳುತ್ತಿದ್ದದ್ದು ಇಬ್ಬರಿಗೂ ಕೇಳಿಸಿತು.

"ಶಿವರಾತ್ರಿ ಕಳೀಲಿ. ಆಮೇಲೆ ಚಾಂಪಿಯನ್ನಿಗೆ ಬಿಟ್ಟು ಬರ್ಲಿ ಬಿಡಮ್ಮ. ಸ್ವಲ್ಪ ದಿನ ಅವಳು ಅಲ್ಲೇ ಇರ್ಲಿ. ಆಲು ಮೊಸ್ರು ನೋಡ್ಕೊಳ್ಳಾಕೆ ಗೌರಿ ಬತ್ತಾಳೆ."

ಸ್ವಲ್ಪ ದಿನ ಎಂದರೆ ಏನೆಂದು ನನಗೂ ಗೊತ್ತಿತ್ತು. ನಮ್ಮೂರಿನಲ್ಲಿ ಹಾಗೆ ಸ್ವಲ್ಪ ದಿನಕ್ಕೆ ತವರಿಗೆ ಹೋದ ಒಬ್ಬಳು, ನಾನು ಹುಟ್ಟುವ ಮೊದಲೇ ಹೋದವಳು, ಇನ್ನೂ ಬಂದಿರಲಿಲ್ಲ. ಗೌರಿ ಹಾಲು ನೋಡಿಕೊಳ್ಳಲು ಬಂದರೆ ಯಾವಾಗ ವಾಪಸು ಹೋಗುತ್ತಾಳೆ ಎಂದು ಅಜ್ಜಿ ಕೇಳಲಿಲ್ಲ. "ನೋಡಾಣ" ಎಂದಳು. ಚಿಕ್ಕಮ್ಮನ ಕೈಯಿಂದ ಒಂದು ಬೇಳೆ ಚಿಮ್ಮಿ ಗೋಡೆಗೆ ಬಡಿಯಿತು.

"ಕಣ್ಣು" ಎಂದಳು, ತಲೆ ಎತ್ತದೆ. "ನಿಂಗೂ ನನ್ನ ಕೈ ಮೊಸ್ರು ತಿನ್ನಕ್ಕೆ ಭಯಾನಾ?"

"ಇಲ್ಲ" ಎಂದೆ. ತಿನ್ನಲು ಅವಳ ಕೈಯ ಮೊಸರು ಇನ್ನೂ ಆಗಿರಲೇ ಇಲ್ಲ.

ಅಜ್ಜಿಯ ನೋಡಾಣ ಎಂದರೆ ನೋಡುವುದೇ. ಮರುದಿನ ಬೆಳಗ್ಗೆ ಅವಳು ಆ ಹಳೆಯ ಮಡಕೆಯನ್ನು ಅಂಗಳದ ಬಿಸಿಲಿಗೆ ತಂದು, ಕಣ್ಣಿನ ಹತ್ತಿರ ಹಿಡಿದು ಒಳಗೆ ನೋಡಿದಳು. ನಮ್ಮ ಮನೆಯಲ್ಲಿ ಮೊಸರಿನ ಮಡಕೆಯ ಒಳಮೈಯನ್ನು ಯಾರೂ ಉಜ್ಜುತ್ತಿರಲಿಲ್ಲ. ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಬೆರಣಿಯ ಹೊಗೆ ಹಿಡಿಸಿ, ಬೋರಲು ಹಾಕಿ ಒಣಗಿಸುತ್ತಿದ್ದರು. ವರ್ಷಗಳು ಕಳೆದಂತೆ ಒಳಗೆಲ್ಲ ಕಪ್ಪಗೆ, ಎಣ್ಣೆ ಸವರಿದಂಥ ಒಂದು ಹೊಳಪು ಕೂರುತ್ತಿತ್ತು. ಈ ಮಡಕೆಯ ಒಳಗು ನಿನ್ನೆ ಕುಂಬಾರನ ಮನೆಯಿಂದ ಬಂದಂತೆ ಕೆಂಪಗಿತ್ತು. ಅಜ್ಜಿ ಬೆರಳನ್ನು ಒಳಗೆ ಎಳೆದು ನಾಲಿಗೆಗೆ ಮುಟ್ಟಿಸಿ ಉಗುಳಿದಳು.

"ರತ್ನೀ, ಇದುನ್ನ ಉಜ್ಜಿದ್ದು ಯಾರೇ?"

ಚಿಕ್ಕಮ್ಮನಿಗೆ ಕೊನೆಗೂ ಒಂದು ಒಳ್ಳೆಯ ಮಾತು ಸಿಗಬಹುದೆಂಬ ಆಸೆ ಬಂದಿರಬೇಕು. "ನಾನೇ ಅತ್ತೆ" ಎಂದು ಓಡಿಬಂದಳು. "ಒಳಗೆಲ್ಲಾ ಕರ್ರಗಿತ್ತು. ನಮ್ಮ ಬಿಳಿ ಮಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳ್ದೆ. ದಿನಾ ತೊಳೀತೀನಿ. ಅಷ್ಟು ದೊಡ್ಡ ಕೆಲಸ ನನ್ನ ಕೈಗೆ ಕೊಟ್ರಲ್ಲಾ ಅಂತ."

ಅಜ್ಜಿ ಮಡಕೆಯನ್ನು ಮತ್ತೊಮ್ಮೆ ಬಿಸಿಲಿಗೆ ತಿರುಗಿಸಿದಳು. ಅದು ಅವಳ ಅತ್ತೆಯ ಮಡಕೆ. ಒಳಗಿನ ಆ ಕಪ್ಪು ಅವರಿಬ್ಬರ ಆಯುಸ್ಸಿನಲ್ಲಿ ಕೂತದ್ದು.

"ಉಜ್ಜಬಾರ್ದು ಅಂತ ನಂಗೆ ಯಾರೂ ಹೇಳ್ಲಿಲ್ಲ ಅತ್ತೆ" ಎಂದಳು ಚಿಕ್ಕಮ್ಮ. ಅವಳಿಗೂ ಅರ್ಥವಾಗತೊಡಗಿತ್ತು.

"ಇಲ್ಲ" ಎಂದಳು ಅಜ್ಜಿ. "ಯಾರೂ ಏಳ್ಲಿಲ್ಲ."

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮಡಕೆ ಉಜ್ಜಿದ್ದಕ್ಕೆ ಹೀಗಾಯಿತು ಎಂದರೆ ಯಲ್ಲಮ್ಮತ್ತೆ ನಂಬುತ್ತಿರಲಿಲ್ಲ. ನಂಬಿದರೂ, ಮೊಸರಿನ ಮಡಕೆ ತೊಳೆಯಲು ಬಾರದವಳು ಎಂಬ ಹೊಸ ಮಾತು ಹುಟ್ಟುತ್ತಿತ್ತು. ಅಜ್ಜಿಗೆ ಇವಳು ಮಗಳು, ಅವಳು ಸೊಸೆ. ಮಗಳ ಎದುರಿಗೆ ಸೊಸೆಯ ಪರ ವಾದ ಮಾಡಿದರೆ ಗೆದ್ದರೂ ಸೋತಂತೆ. ಅವಳು ವಾದ ಮಾಡಲಿಲ್ಲ. ನನ್ನನ್ನು ಕುಂಬಾರರ ಮನೆಗೆ ಕಳಿಸಿ ಒಂದೇ ಆವಿಗೆಯಲ್ಲಿ ಸುಟ್ಟ ಎರಡು ಸಣ್ಣ ಕುಡಿಕೆ ತರಿಸಿದಳು. ಒಂದನ್ನು ಬಿಸಿನೀರಿನಲ್ಲಿ ಕುಲುಕಿ ತಾನೇ ಹೊಗೆ ಹಿಡಿಸಿದಳು. ಇನ್ನೊಂದನ್ನು ಚಿಕ್ಕಮ್ಮನ ಕೈಗೆ ಕೊಟ್ಟು, "ನೀನು ದಿನಾ ತೊಳ್ಯೋ ಅಂಗೇ ತೊಳೀ. ಒಂಚೂರೂ ಎಚ್ಚುಕಮ್ಮಿ ಬೇಡ" ಎಂದಳು. ಚಿಕ್ಕಮ್ಮ ಬಿಳಿ ಮಣ್ಣು ಹಾಕಿ ಉಜ್ಜಿ ತೊಳೆದಳು. ಆಮೇಲೆ ಅಜ್ಜಿ ನನ್ನ ಕೈಲಿ ಯಲ್ಲಮ್ಮತ್ತೆಗೆ ಹೇಳಿಕಳಿಸಿದಳು.

ಅತ್ತೆ ಬಂದಾಗ ಹಾಲು ಇಳಿಸಿ ಆರಲು ಇಟ್ಟಿತ್ತು.

"ಯಲ್ಲಿ, ನನ್ನ ಕೈ ಎಂಥಾದ್ದೇ?" ಎಂದು ಅಜ್ಜಿ ಕೇಳಿದಳು.

"ನಿನ್ ಕೈಗೇನಮ್ಮ. ನೀನು ನೀರಿಗೆ ಎಪ್ಪು ಆಕಿದ್ರೂ ಮೊಸ್ರಾಗ್ತದೆ."

"ಸರಿ, ಕೂತ್ಕೋ. ಈ ಉಜ್ಜಿದ ಕುಡಿಕೆಗೆ ನಾನು ಎಪ್ಪು ಆಕ್ತೀನಿ. ಉಜ್ಜದೆ ಇರೋದಕ್ಕೆ ಅವಳು ಆಕ್ತಾಳೆ. ಒಂದೇ ಆಲು, ಒಂದೇ ಎಪ್ಪು. ನಂದು ಮೊಸ್ರಾಗಿ ಅವಳ್ದು ಆಗ್ದಿದ್ರೆ ನೀನು ಏಳ್ದಂಗೇ ಮಾಡಾಣ."

ಅತ್ತೆ ನಕ್ಕಳು. ತನ್ನ ಅಮ್ಮನ ಕೈ ಸೋಲುವುದಿಲ್ಲ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ; ಆ ಮಟ್ಟಿಗೆ ಅವಳು ಒಳ್ಳೆಯ ಮಗಳೇ. ಅಜ್ಜಿ ಎರಡೂ ಕುಡಿಕೆಗೆ ಹಾಲು ಬಗ್ಗಿಸಿ, ಕಿರುಬೆರಳು ಅದ್ದಿ ನೋಡಿ, ಹೆಪ್ಪಿನ ಬಟ್ಟಲನ್ನು ನಡುವೆ ಇಟ್ಟಳು. ಚಿಕ್ಕಮ್ಮ ಬೆರಳು ಅದ್ದಿ ತನ್ನ ಕುಡಿಕೆಗೆ ಹೆಪ್ಪು ಹಾಕಿದಳು. ಅಜ್ಜಿ ತನ್ನದಕ್ಕೆ ಹಾಕಿದಳು. ಅತ್ತೆ ಬಿಳಿ ಬಟ್ಟೆ ಹರಿದು ಎರಡಕ್ಕೂ ತಾನೇ ಕಟ್ಟಿದಳು, ತನ್ನದೇ ಗಂಟು ಹಾಕಿ. "ನಾಳೆ ಬಂದು ನಾನೇ ಬಿಚ್ತೀನಿ. ಯಾರೂ ಮುಟ್ಟಬಾರ್ದು" ಎಂದಳು. ಎರಡು ಕುಡಿಕೆಗಳೂ ಒಂದೇ ನೆಲುವಿನಲ್ಲಿ, ಒಂದರ ಮೇಲೊಂದು ಕೂತವು.

ಬೆಳಗ್ಗೆ ಅತ್ತೆ ಬಂದು ಗಂಟುಗಳನ್ನು ನೋಡಿದಳು. ಅವಳ ಗಂಟುಗಳೇ. ಮೊದಲು ಚಿಕ್ಕಮ್ಮನ ಕುಡಿಕೆ ಬಿಚ್ಚಿದಳು. ಮೊಸರಾಗಿತ್ತು. ವಾಲಿಸಿದಳು, ಅಲುಗಲಿಲ್ಲ. ಚಿಕ್ಕಮ್ಮ ಗೋಡೆ ಹಿಡಿದುಕೊಂಡಳು. ಆಮೇಲೆ ಅಜ್ಜಿಯ ಕುಡಿಕೆ ಬಿಚ್ಚಿದಳು. ವಾಲಿಸಿದರೆ ಹಾಲು ನೆಲಕ್ಕೆ ಚೆಲ್ಲಿತು.

ಯಲ್ಲಮ್ಮತ್ತೆ ಅದನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ನೋಡೇ ಯಲ್ಲಿ" ಎಂದಳು ಅಜ್ಜಿ. "ನನ್ನ ಕೈಗೂ ಗ್ರಾಚಾರ ಬಂತು. ನನ್ನೂ ಚಾಂಪಿಯನ್ನಿಗೆ ಬಿಟ್ಟು ಬತ್ತೀರಾ?"

ಅಮ್ಮ ಒಲೆಯ ಕಡೆ ತಿರುಗಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಎರಡೂ ಕುಡಿಕೆ ಎತ್ತಿಕೊಂಡು ಬಾಗಿಲಿಗೆ ಹೋದಳು. ಮಜ್ಜಿಗೆಗೆ ಬಂದವರ ಮುಂದೆ ಹಿಡಿದು, "ಇದು ಸೊಸೆ ಆಕಿದ್ದು, ಇದು ನಾನು ಆಕಿದ್ದು. ಇನ್ಮೇಲೆ ಯಾರ್ ಎಪ್ಪು ಆಕಿದ್ದು ಅಂತ ಕೇಳೋರು ನನ್ನ ಎಸರೂ ಸೇರಿಸಿ ಕೇಳ್ರಮ್ಮ" ಎಂದಳು. ಕೈಗುಣ ಅಲ್ಲ, ಮಣ್ಣಿನ ಗುಣ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಚಿಕ್ಕಮ್ಮ ತನ್ನ ಕುಡಿಕೆಯ ಮೊಸರನ್ನು ಮೊದಲು ನನಗೇ ಕೊಟ್ಟಳು. ಹೊಸ ಮಣ್ಣಿನ ವಾಸನೆ ಇತ್ತು. ರುಚಿ ನೆನಪಿಲ್ಲ, ಅವಳು ನನ್ನ ಬಾಯನ್ನೇ ನೋಡುತ್ತಿದ್ದದ್ದು ನೆನಪಿದೆ. ಶಿವರಾತ್ರಿ ಬಂತು, ಹೋಯಿತು. ಚಾಂಪಿಯನ್ನಿಗೆ ಯಾರನ್ನೂ ಬಿಟ್ಟು ಬರಲಿಲ್ಲ. ಬಿಳಿ ಮಣ್ಣಿನ ಗಂಟು ದೀಪದ ಕಂಬಗಳಿಗೆ ಮೀಸಲಾಯಿತು.

ಇಷ್ಟು ವರ್ಷ ನಾನು ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಕೇಳಿದವರಿಗೆ ಸಂತೋಷವಾಗುತ್ತಿತ್ತು. ನನ್ನ ಅಜ್ಜಿ ಓದು ಬಾರದ ವಿಜ್ಞಾನಿ ಎಂದು ಒಬ್ಬ ಗೆಳೆಯ ಹೇಳಿದ.

ತೊಂದರೆಯೆಂದರೆ, ಮುಂದೆ ನಾನು ಮೈಸೂರಿಗೆ ಹೋಗಿ ರಸಾಯನಶಾಸ್ತ್ರ ಓದಿದೆ. ಹಾಲು ಮೊಸರಾಗುವುದು ಕಣ್ಣಿಗೆ ಕಾಣದ ಜೀವಿಗಳಿಂದ ಎಂದು ಕಲಿತೆ. ಗಣಿಯಲ್ಲಿ ಚಿನ್ನ ತೆಗೆಯಲು ಆ ಕಲ್ಲಿನ ಪುಡಿಗೆ ಸೈನೈಡಿನ ಜೊತೆ ಸುಣ್ಣ ಬೆರೆಸುತ್ತಾರೆ ಎಂದೂ ತಿಳಿಯಿತು. ಸುಣ್ಣ ಉಳಿದಿದ್ದರೆ ಹೆಪ್ಪು ಕೆಡಬಹುದು. ಸರಿಹೋಯಿತು ಎಂದುಕೊಂಡೆ. ಆದರೆ ಪ್ರಯೋಗಶಾಲೆಯಲ್ಲಿ ಅಜ್ಜಿಯ ಪರೀಕ್ಷೆಯನ್ನು ಬರೆದು ತೋರಿಸಿದ್ದರೆ ಮೇಷ್ಟರು ಅದರ ಮೇಲೆ ಗೀಟು ಎಳೆಯುತ್ತಿದ್ದರು. ಅವಳು ಕೈಯನ್ನೂ ಬದಲಿಸಿದ್ದಳು, ಕುಡಿಕೆಯನ್ನೂ ಬದಲಿಸಿದ್ದಳು. ಸರಿಯಾಗಿ ಮಾಡಬೇಕೆಂದರೆ ನಾಲ್ಕು ಕುಡಿಕೆ ಬೇಕು.

ಒಂದು ಬೇಸಿಗೆ ರಜೆಯಲ್ಲಿ ಊರಿಗೆ ಬಂದು ನಾನೇ ಮಾಡಿದೆ. ಸೈಕಲ್ಲಿನಲ್ಲಿ ಗಣಿ ಸೀಮೆಯ ಮೈಸೂರು ಮೈನ್ಸಿನ ಕಡೆಗೆ ಹೋಗಿ ದಿಬ್ಬದ ಬಿಳಿ ಮಣ್ಣು ತಂದೆ. ಎರಡು ಕುಡಿಕೆ ಉಜ್ಜಿದೆ, ಎರಡು ಉಜ್ಜಲಿಲ್ಲ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಅಮ್ಮ ಹೆಪ್ಪು ಹಾಕಿದಳು, ಇನ್ನೊಂದಕ್ಕೆ ಚಿಕ್ಕಮ್ಮ. ಬೆಳಗ್ಗೆ ನೋಡಿದರೆ ನಾಲ್ಕೂ ಮೊಸರಾಗಿದ್ದವು.

ಅಮ್ಮ ಮಾತ್ರ ಆಶ್ಚರ್ಯಪಡಲಿಲ್ಲ. "ನಾಕೂ ಆಯ್ತಾ? ಆಗ್ಲಿ ಬಿಡು" ಎಂದಳು. ಕುಡಿಕೆಗಳನ್ನು ಎತ್ತಿಡುತ್ತಾ, "ಇದುನ್ನ ನಿಮ್ಮ ಯಲ್ಲಮ್ಮತ್ತೆಗೆ ಏಳಾಕೋಗ್ಬೇಡ" ಎಂದಳು.

ಅಜ್ಜಿ ಆ ಹೊತ್ತಿಗೆ ಇರಲಿಲ್ಲ. "ಅಂದ್ರೆ ಅಜ್ಜಿ ತನ್ನ ಕುಡಿಕೆಗೆ ಹೆಪ್ಪೇ ಹಾಕಿರ್ಲಿಲ್ವಾ?" ಎಂದು ನಾನು ಕೇಳಿದೆ.

"ನಾನೆಲ್ಲಿ ನೋಡ್ದೆ? ಒಲೆ ಮುಂದಿದ್ದೆ. ನೀನೇ ಅಲ್ವಾ ಎದುರಿಗೆ ಕೂತಿದ್ದೋನು?"

ಹೌದು, ನಾನೇ. ಅಂದಿನಿಂದ ನಾನು ಆ ಮಧ್ಯಾಹ್ನಕ್ಕೆ ಎಷ್ಟೋ ಸಲ ಹೋಗಿ ಕೂತಿದ್ದೇನೆ. ಅಜ್ಜಿಯ ತೋರುಬೆರಳು ಹಾಲಿಗೆ ಇಳಿದು ಒಂದು ಸುತ್ತು ತಿರುಗಿದ್ದು ಸ್ಪಷ್ಟವಾಗಿ ಕಾಣುತ್ತದೆ. ಉಗುರಿನ ಬಳಿ ಬೆರಣಿಯ ಕಪ್ಪು ಕೂಡ ಕಾಣುತ್ತದೆ. ಆ ಬೆರಳಿಗೆ ಮೊಸರು ಅಂಟಿತ್ತೇ? ಅದು ಹೆಪ್ಪಿನ ಬಟ್ಟಲಿಗೆ ಇಳಿದಿತ್ತೋ, ಬಟ್ಟಲ ಅಂಚಿನವರೆಗೆ ಹೋಗಿ ಬಂದಿತ್ತೋ? ಹಾಲೂ ಬಿಳಿ, ಮೊಸರೂ ಬಿಳಿ. ಒಂದೊಂದು ಸಲ ಬೆರಳು ಒದ್ದೆಯಾಗಿ ಕಾಣುತ್ತದೆ, ಒಂದೊಂದು ಸಲ ಒಣಗಿದಂತೆ. ನನಗೆ ಯಾವುದು ಬೇಕೋ ಅದನ್ನು ತೋರಿಸುವ ನೆನಪನ್ನು ನಾನು ಹೇಗೆ ನಂಬಲಿ?

ಇನ್ನೊಂದು ಅನುಮಾನವೂ ಇದೆ. ಚಿಕ್ಕಮ್ಮನ ಮಡಕೆಯಲ್ಲಿ ಲೋಳೆ ಆಗಿತ್ತು; ಹೆಪ್ಪು ಬಿದ್ದು ಕೆಟ್ಟ ಹಾಲು ಹಾಗಾಗುತ್ತದೆ. ಅಜ್ಜಿಯ ಕುಡಿಕೆಯಿಂದ ನೆಲಕ್ಕೆ ಚೆಲ್ಲಿದ್ದು ನನ್ನ ನೆನಪಿನಲ್ಲಿ ಬರೀ ಹಾಲು. ಆದರೆ ನನ್ನ ಪ್ರಯೋಗ ನಡೆದದ್ದು ಬೇಸಿಗೆಯಲ್ಲಿ, ಅವಳದು ಮಾಗಿಯ ಚಳಿಯಲ್ಲಿ. ನಾನು ತಂದ ಮಣ್ಣು ಎಷ್ಟೋ ಮಳೆಗೆ ತೊಳೆದುಹೋದದ್ದಿರಬಹುದು, ಚಿಕ್ಕಮ್ಮ ತಂದದ್ದು ಹೊಸದಾಗಿ ಸುರಿದದ್ದಿರಬಹುದು. ಚಿಕ್ಕಪ್ಪ ಹೇಳಿದ ಚಳಿಯೇ ಕಾರಣವಾಗಿದ್ದಿರಲೂಬಹುದು. ಪಾಪ, ಅವನ ಮಾತನ್ನು ಯಾರೂ ಪರೀಕ್ಷೆಗೆ ಹಚ್ಚಲಿಲ್ಲ. ಮಣ್ಣಿನ ಮೇಲೆ ನಿಜವಾಗಿ ಅಜ್ಜಿಗೆ ಅನುಮಾನವಿತ್ತೋ, ಸೊಸೆಯನ್ನು ಉಳಿಸಿಕೊಳ್ಳಲು ಮಣ್ಣೊಂದು ನೆಪವಾಗಿ ಸಿಕ್ಕಿತೋ, ಎರಡೂ ಸ್ವಲ್ಪ ಸ್ವಲ್ಪವೋ? ತನ್ನ ಬೆರಳಿನ ಮೇಲೆ ಅಷ್ಟು ಹೆಮ್ಮೆಯಿದ್ದ ಹೆಂಗಸು, ಅದು ಸೋತಿತೆಂದು ಬಾಗಿಲಲ್ಲಿ ನಿಂತು ಊರಿಗೆ ಸಾರಿದಳು. ಅಷ್ಟು ಮಾತ್ರ ಖಚಿತ.

ಚಿಕ್ಕಮ್ಮನಿಗೆ ವಯಸ್ಸಾದ ಮೇಲೆ ಒಂದು ಸಲ ಅವಳನ್ನೂ ಕೇಳಿದೆ. ಆಗ ಹಾಲಿನ ಮೂಲೆ ಅವಳದೇ ಆಗಿತ್ತು. ಊರಿಗೆಲ್ಲ ಹೆಪ್ಪು ಹೋಗುತ್ತಿದ್ದದ್ದು ಅವಳ ಕೈಯಿಂದ. ಅವಳ ಸೊಸೆಗೆ ಮೊದಲ ದಿನವೇ ಅವಳು ಹೇಳಿದ ಮಾತು ಮಡಕೆಯ ಒಳಗೆ ಉಜ್ಜಬಾರದು ಎಂಬುದಂತೆ. ನಾನು ಊರಿಂದ ಹೊರಟಾಗಲೆಲ್ಲ ಒಂದು ಸಣ್ಣ ಡಬ್ಬಿಯಲ್ಲಿ ಹೆಪ್ಪು ಹಾಕಿ ಕೊಡುತ್ತಿದ್ದಳು.

"ಚಿಕ್ಕಮ್ಮ, ನಿಜ ಹೇಳು" ಎಂದೆ. "ಆವತ್ತು ಅಜ್ಜಿ ತನ್ನ ಕುಡಿಕೆಗೆ ಹೆಪ್ಪು ಹಾಕಿದ್ಲಾ?"

ಅವಳು ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. "ನಂಗೆ ಹೆಂಗೆ ಗೊತ್ತು ಕಣ್ಣು?" ಎಂದಳು. "ನಾನು ನನ್ನ ಕುಡಿಕೆ ನೋಡ್ತಿದ್ದೆ. ಯಲ್ಲಮ್ಮನೂ ನನ್ನ ಕುಡಿಕೇನೇ ನೋಡ್ತಿದ್ಲು."

ಆ ಡಬ್ಬಿಯ ಹೆಪ್ಪು ನನ್ನ ಮನೆಯಲ್ಲಿ ಕೆಲವು ವರ್ಷ ನಡೆಯಿತು. ಚಿಕ್ಕಮ್ಮ ತೀರಿಕೊಂಡ ಮೇಲೆ ಒಂದು ಸಲ ಬಹಳ ದಿನ ಮನೆಗೆ ಬೀಗ ಹಾಕಬೇಕಾಗಿ ಬಂತು. ಬಂದು ನೋಡಿದಾಗ ಮೊಸರು ಬೂಷ್ಟು ಹಿಡಿದಿತ್ತು. ಹೊಸ ಹೆಪ್ಪಿಗೆಂದು ಊರಿಗೆ ಹೋದೆ. ಅಲ್ಲಿ ದನಗಳನ್ನು ಮಾರಿಯಾಗಿತ್ತು, ಹಾಲಿನ ಮೂಲೆಯಲ್ಲಿ ಗೊಬ್ಬರದ ಚೀಲ ಇಟ್ಟಿದ್ದರು. ಅಜ್ಜಿ ಹೇಳುತ್ತಿದ್ದಂತೆ ಬೆಚ್ಚಗಿನ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪು ಮಾಡಲು ನೋಡಿದೆ. ಎರಡನೆಯ ಯತ್ನಕ್ಕೆ ಮೊಸರೇನೋ ಆಯಿತು. ಯಾರ ಮನೆಯದೂ ಅಲ್ಲದ ಮೊಸರು.

ಈಗ ಸ್ಟೀಲಿನ ಪಾತ್ರೆಯಲ್ಲಿ, ಚಮಚದಲ್ಲಿ ಅಳೆದು ಹೆಪ್ಪು ಹಾಕುತ್ತೇನೆ. ದಿನಾ ಉಜ್ಜುತ್ತೇನೆ. ದಿನಾ ಮೊಸರಾಗುತ್ತದೆ, ಯಾರ ಕೈಯಾದರೂ. ಅದು ಮೊಸರಾಗದಿದ್ದರೆ ಯಾರ ಬಾಳೂ ಕೆಡುವುದಿಲ್ಲ, ಮೊಸರಾದರೆ ಯಾರೂ ಗೋಡೆ ಹಿಡಿದುಕೊಳ್ಳುವುದಿಲ್ಲ. ಇದು ಒಳ್ಳೆಯದೇ ಎಂದು ನನಗೆ ಗೊತ್ತು. ಆದರೂ ಹಾಲು ಆರಿದೆಯೋ ಎಂದು ನೋಡುವಾಗ, ಕೈಯಲ್ಲಿ ಚಮಚ ಇದ್ದರೂ, ಮೊದಲು ಕಿರುಬೆರಳು ಇಳಿಯುತ್ತದೆ. ಆ ಮಧ್ಯಾಹ್ನ ಅಜ್ಜಿಯ ಎದುರಿಗೆ ಕೂತಿದ್ದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ನನ್ನ ಸಾಕ್ಷಿಯನ್ನು ನಾನೇ ಒಪ್ಪುವುದಿಲ್ಲ.